ನಮ್ಮನೆಯವ್ರಿಗೆ ‘ಹಿ’ ಅನ್ನೋದಾ?

ಕಮ್ಮನಹಳ್ಳಿಯಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಬೇಕರಿ ಕೌಂಟರಿನಲ್ಲಿ ಕೆಲಸ ಮಾಡುವ ಭಾಗ್ಯ ಅವರು ಗಂಡನನ್ನು ‘ಹಿ’ ಅನ್ನಲು ಸುತರಾಂ ಒಪ್ಪುತ್ತಿರಲಿಲ್ಲ. ಗೌರವಕ್ಕೆ ಯಾವಾಗಲೂ ‘ದೇ’.

“ಒಬ್ಬರೇ ತಾನೇ ಇರೋದು?” ಅಂದೆ.

“ಒಬ್ರೇ ಮೇಡಂ. ಆದ್ರೆ ನಮ್ಮನೆಯವ್ರನ್ನ ಅವನು ಇವನು ಅನ್ನೋಕಾಗತ್ತಾ? ಅತ್ತೆ ಏನಂದ್ಕೋತಾರೆ?”

“ಅತ್ತೆಗೆ ಇಂಗ್ಲಿಷ್ ಬರತ್ತಾ?”

“ಅವ್ರಿಗೆ ಬರಲ್ಲ. ನಂಗೆ ಬರತ್ತಲ್ಲ.”

ಕಳೆದ ಸೋಮವಾರ ಮುಖ ಊದಿಸಿಕೊಂಡು ಬಂದರು. ಬಾಯಿ ಬಿಟ್ಟರೆ ‘ಹಿ’. ಹಿ ಫರ್ಗಾಟ್ ಮೈ ಬರ್ತ್‌ಡೇ, ಹಿ ಸ್ಲೆಪ್ಟ್, ಹಿ ವೆಂಟ್ ಟು ಹಿಸ್ ಮದರ್. ಒಂದೂ ತಪ್ಪಿಲ್ಲ. ಶಹಭಾಸ್ ಅನ್ನಲು ನನಗೆ ಧೈರ್ಯವಾಗಲಿಲ್ಲ.

ಗುರುವಾರ ತಲೆ ತುಂಬಾ ಮಲ್ಲಿಗೆ ಮುಡಿದು ಬಂದು, ನಾಚಿಕೊಂಡೇ ಹೇಳಿದರು: “ದೇ ಬ್ರಾಟ್ ಫ್ಲವರ್ಸ್, ಮೇಡಂ.”

ತಿದ್ದುವುದಕ್ಕೇ ನನಗೆ ಫೀಸು ಕೊಡುವುದು. ಆದರೂ “ವೆರಿ ಗುಡ್” ಅಂದುಬಿಟ್ಟೆ.