ಸಣ್ಣ ಸುತ್ತಿಗೆ

ಕುಲುಮೆಯ ಬಾಗಿಲಲ್ಲಿ ಯಾರೇ ತಲೆ ಹಾಕಿದರೂ ಕೇಳುವುದು ಒಂದೇ: "ಕಮ್ಮಾರ ಇದ್ದಾನಾ?" ಎದುರಿಗೇ ಮೈಯೆಲ್ಲ ಮಸಿ ಮಾಡಿಕೊಂಡು, ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ನಿಂತವಳು ಆ ಕುರುಡರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. "ಊಟಕ್ಕೆ ಹೋಗಿದಾರೆ, ಕೂತ್ಕೊಳಿ," ಎಂದು ಅವಳೂ ಹೇಳಿಬಿಡುತ್ತಿದ್ದಳು. ಡಾಕ್ಟರಮ್ಮ ಉಂಟು, ಟೀಚರಮ್ಮ ಉಂಟು. ಇವಳು ಮಾತ್ರ ಇಪ್ಪತ್ತೆರಡು ವರ್ಷದಿಂದ ಕಮ್ಮಾರನ ಹೆಂಡತಿ.

ಅಸಲು ವಿಷಯ ಬೇರೆ. ಬೆಂಕಿ ನೋಡಿ ನೋಡಿ ಗಂಡನ ಕಣ್ಣು ಮಂಜಾಗಿತ್ತು. ಕಾದ ಕಬ್ಬಿಣದ ಬಣ್ಣವೇ ತಿಳಿಯದವನು ಅದನ್ನು ತಿದ್ದುವುದು ಹೇಗೆ? ಹಾಗಾಗಿ ದೊಡ್ಡ ಸುತ್ತಿಗೆ, ಸಮ್ಮಟಿಗೆ, ಅವನ ಕೈಗೆ ಹೋಯಿತು, ಇಕ್ಕಳವೂ ಸಣ್ಣ ಸುತ್ತಿಗೆಯೂ ಇವಳ ಕೈಗೆ ಬಂದವು. ಸಣ್ಣದು ಎಲ್ಲಿ ಮುಟ್ಟುತ್ತದೋ ದೊಡ್ಡದು ಅಲ್ಲೇ ಬೀಳಬೇಕು. ಸಣ್ಣದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಡ್ಡ ಮಲಗಿದರೆ ದೊಡ್ಡದು ನಿಲ್ಲಬೇಕು. ಕಸುಬೆಲ್ಲ ಇರುವುದು ಸಣ್ಣದರಲ್ಲಿ. ಜನ ಮಾತ್ರ ದೊಡ್ಡದನ್ನು ಎತ್ತಿದವನೇ ಕಮ್ಮಾರ ಅಂದುಕೊಂಡರು.

ಗಂಡ ಸತ್ತು ತಿಂಗಳಾಗಿಲ್ಲ, ಗುಜರಿ ವ್ಯಾಪಾರದ ಮೈದುನ ಬಂದ. ಬಾಯಿಗಿಂತ ಕೈ ಮುಂದು ಅವನದು. ಬೆಂಕಿಗೆ ಗಾಳಿ ಊದುವ ತಿದಿಯನ್ನು ಒದ್ದು ಉರುಳಿಸಿದ, ಅತ್ತಿಗೆಯ ಜುಟ್ಟು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ.

"ಕುಲುಮೆ ಕಮ್ಮಾರರ ಸಂಘದ್ದು. ಕಮ್ಮಾರನಿಗೆ ಮಾತ್ರ ಕೊಡೋದು. ಹೆಂಗಸರಿಗೆ ಆ ಹೆಸರೇ ಇಲ್ಲ. ಇನ್ಮೇಲೆ ಇದು ನಂದು. ನಡಿ ಆಚೆ!"

ಗಲಾಟೆ ಕೇಳಿ ಸಂಘದ ಯಜಮಾನರು ಓಡಿ ಬಂದರು. ಮುದುಕರು, ಕಸುಬಿನಲ್ಲೇ ಹಲ್ಲು ಉದುರಿಸಿಕೊಂಡವರು. "ಹೆಸರು ಆಮೇಲೆ ನೋಡೋಣ. ಇಬ್ಬರೂ ಸೇರಿ ಒಂದು ಕೊಡಲಿ ಮಾಡಿ. ಯಾರು ಕಮ್ಮಾರ ಅಂತ ನಾನು ಹೇಳ್ತೀನಿ," ಎಂದರು.

ಮೈದುನ ಹಿಂದೆಮುಂದೆ ನೋಡದೆ ಸಮ್ಮಟಿಗೆ ಎತ್ತಿಕೊಂಡ. ಹಣೆಯ ರಕ್ತ ಒರೆಸಿಕೊಂಡು ಅವಳು ಸಣ್ಣದನ್ನು ಹಿಡಿದಳು. ಯಜಮಾನರ ಹುಬ್ಬು ಮೇಲೆದ್ದಿತು.

ಅವಳು ಮುಟ್ಟಿದ್ದು ಒಂದು ಕಡೆ, ಅವನು ಬಡಿದಿದ್ದು ಇನ್ನೊಂದು ಕಡೆ. "ಇಲ್ಲಿ," ಎಂದಳು. ತಪ್ಪಿತು. "ಇಲ್ಲಿ ಅಂದ್ನಲ್ಲ!" ಅವನ ಮುಖ ಕೆಂಪೇರಿತು. ಅವಳು ಸುತ್ತಿಗೆಯನ್ನು ಅಡ್ಡ ಮಲಗಿಸಿ ಕಬ್ಬಿಣ ಹೊರಳಿಸಲು ಇಕ್ಕಳ ತಿರುವಿದಳು.

ಸಮ್ಮಟಿಗೆ ನಿಲ್ಲಲಿಲ್ಲ. ಅವಳ ಎಡಗೈಯ ಎರಡು ಬೆರಳು ಅಡಿಗಲ್ಲಿನ ಮೇಲೆ ಜಜ್ಜಿಹೋದವು. ಅವಳು ಕಿರುಚಿದ್ದು ಬೀದಿಯ ಕೊನೆಗೂ ಕೇಳಿಸಿತು. ಅವನು ನಕ್ಕ, ಮತ್ತೆ ಎತ್ತಿದ, ಈ ಸಲ ಅವಳ ತಲೆಯ ನೇರಕ್ಕೆ. ಇಪ್ಪತ್ತೆರಡು ವರ್ಷದ ಸಿಟ್ಟು ಅವಳ ಬಲಗೈಗೆ ಇಳಿಯಿತು. ಸಣ್ಣ ಸುತ್ತಿಗೆ ಅವನ ಮೊಣಕಾಲ ಚಿಪ್ಪನ್ನು ಹುಡುಕಿಕೊಂಡು ಹೋಯಿತು. ಮೂಳೆ ಲಟಕ್ಕೆಂದಿತು, ಅವನು ಬೂದಿಯಲ್ಲಿ ಬಿದ್ದು ಅಮ್ಮಾ ಎಂದು ಹೊರಳಾಡಿದ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

"ಸುತ್ತಿಗೆ ಮಲಗಿದ್ದು ಕಾಣಲಿಲ್ವೇನೋ ನಿನಗೆ?" ಎಂದು ಯಜಮಾನರು ಅವನ ಮೇಲೆ ಉಗಿದು, ಅವಳ ಬೆರಳಿಗೆ ತಮ್ಮ ಟವೆಲ್ ಸುತ್ತಿದರು. "ಆಸ್ಪತ್ರೆಗೆ ನಡಿ ಮಗಳೇ."

"ಕಬ್ಬಿಣ ಆರಿಹೋಗತ್ತೆ," ಎಂದಳು ಹಲ್ಲು ಕಚ್ಚಿ.

ಮುದುಕರು ಅವಳ ಮುಖವನ್ನೇ ನೋಡಿದರು. ಇಕ್ಕಳವನ್ನು ಅವಳ ಕಂಕುಳಿಗೆ ಸಿಕ್ಕಿಸಿ, ಸಮ್ಮಟಿಗೆ ಎತ್ತಿಕೊಂಡು ಎದುರು ನಿಂತರು. ಅವಳು ಎಲ್ಲಿ ಮುಟ್ಟಿದಳೋ ಅಲ್ಲೇ ಹೊಡೆದರು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ತಲೆ ಹಾಕಿದರು. "ಕಮ್ಮಾರ ಇದ್ದಾನಾ?"

ಯಜಮಾನರು ಸಮ್ಮಟಿಗೆ ಇಳಿಸಿ ಅವಳ ಕಡೆ ನೋಡಿದರು.

"ಇದೀನಿ," ಎಂದಳು. "ಏನಾಗ್ಬೇಕು?"