ಮೆಕ್ಕಿನಿಸ್ ಮೈದಾನದಲ್ಲಿ ಅಂಗಿ ಒಗೆಯುತ್ತಿದ್ದವಳು

ಸ್ವೀಟ್‌ಗಮ್ ಊರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಯಾವನೋ ಒಬ್ಬ ಮೆಕ್ಕಿನಿಸ್‌ಗೆ ತಗಲುತ್ತದೆ. ಅವನು ದೂರು ಕೊಡಲು ಓಡಿದರೆ ಬರೆದುಕೊಳ್ಳುವವನೂ ಮೆಕ್ಕಿನಿಸ್. ಶುಕ್ರವಾರ ಸಂಜೆ ನಮ್ಮ ಹೈಸ್ಕೂಲಿನ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಆಟವನ್ನು ರೇಡಿಯೋದಲ್ಲಿ ಹೇಳುವವನು, "ಮೆಕ್ಕಿನಿಸ್ ಎಸೆದ, ಮೆಕ್ಕಿನಿಸ್ ಹಿಡಿದ, ಮೆಕ್ಕಿನಿಸ್ ಬಂದು ಕೆಡವಿದ, ಮೆಕ್ಕಿನಿಸ್ ಮೈದಾನವೇ ಎದ್ದು ನಿಂತಿದೆ!" ಎಂದು ಅರಚುತ್ತಿದ್ದ. ಪಕ್ಕದ ಜಿಲ್ಲೆಯ ಒಬ್ಬಳು ಮುದುಕಿ, ಪಾಪ ಯಾವನೋ ಹುಚ್ಚ ಒಬ್ಬನೇ ಆಡಿಕೊಳ್ಳುತ್ತಿದ್ದಾನೆಂದು ಮರುಗಿ, ಅವನಿಗಾಗಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದಳಂತೆ. ನಾನೂ ಮೆಕ್ಕಿನಿಸ್ಸೇ. ಹಾಗಾಗಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಂಬಿದರೆ ಸಾಕು.

ಹೆಸರು ಬಂದದ್ದು ಸ್ಕಾಟ್ಲೆಂಡಿನಿಂದ. ಮೊದಲ ಮೆಕ್ಕಿನಿಸ್ ಮಿಸಿಸಿಪಿಯ ಈ ಕೆಂಪು ಮಣ್ಣಿಗೆ ಬಂದು ಹತ್ತಿ ಬೆಳೆದ. ಬಿಳಿಯ ಮೆಕ್ಕಿನಿಸ್‌ಗಳು ಅವನಿಗೆ ಹುಟ್ಟಿದವರು. ಕರಿಯ ಮೆಕ್ಕಿನಿಸ್‌ಗಳು ಅವನು ಗುಲಾಮರ ಸಂತೆಯಲ್ಲಿ ಕೊಂಡವರು. ಎರಡಕ್ಕೂ ಸೇರಿದ ಕೆಲವರಿದ್ದಾರೆ, ಆ ಮಾತನ್ನು ಊಟದ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಕೂಲಿ ಕೊಡದ ಆ ಮಹಾಶಯ ಹೆಸರನ್ನು ಮಾತ್ರ ಧಾರಾಳವಾಗಿ ಕೊಟ್ಟ. ನಾನೂ ನನ್ನ ಪಕ್ಕದ ಮನೆಯ ವರ್ನೆಲಳೂ ಕೊಂಡವರ ಕಡೆಯವರು.

ವರ್ನೆಲ್ ಮೂವತ್ತೈದು ವರ್ಷ ಶಾಲೆಯ ತಂಡದ ಅಂಗಿ ಒಗೆದಳು. ಮೈದಾನದ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗಸ್ಟಿನ ಬಿಸಿಲಿಗೆ ಮೊಟ್ಟೆ ಒಲೆಯಿಲ್ಲದೆ ಬೇಯುತ್ತಿತ್ತು. ಕೆಲವು ಸಲ ಕೋಳಿಯ ಹೊಟ್ಟೆಯೊಳಗೇ ಬೆಂದಿರುತ್ತಿತ್ತು. ರಕ್ತಕ್ಕೆ ತಣ್ಣೀರು ಮತ್ತು ಉಪ್ಪು, ಹುಲ್ಲಿನ ಕಲೆಗೆ ವಿನಿಗರ್. ಆಟ ನೋಡದಿದ್ದರೂ ಯಾವನು ಹೇಗೆ ಆಡಿದ ಎಂದು ಅಂಗಿ ನೋಡಿ ಹೇಳುವಳು. ಕೋಚ್ ಟಾರ್ಪ್ಲಿ ಶನಿವಾರ ಬೆಳಿಗ್ಗೆ ಬಂದು ಶೆಡ್ಡಿನ ಬಾಗಿಲಿಗೆ ಒರಗುವನು.

"ಮಿಸ್ ವರ್ನೆಲ್, ನಿನ್ನೆ ಹೇಗಾಡಿದ್ರು ನಮ್ಮ ಹುಡುಗ್ರು?"

"ಅರವತ್ತೆರಡು ನಂಬರಿನವ್ನು ಮೈ ಕೊಟ್ಟು ಆಡಿದಾನೆ, ಭುಜದ ಹೊಲಿಗೆ ಬಿಟ್ಟಿದೆ. ನಲವತ್ತರವ್ನ ಅಂಗಿ ಮದುವೆ ಊಟಕ್ಕೆ ಹೋಗಿ ಬಂದಂಗಿದೆ ಸಾರ್. ಒಗೀದೆ ಹಂಗೇ ಮಡಚಿ ಕೊಟ್ಬಿಡ್ಲಾ?"

ಕರಿಯ ಮಕ್ಕಳನ್ನೂ ಬಿಳಿಯರ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಕೋರ್ಟು ಹೇಳಿದ ಮೇಲೆ ಅವಳ ಒಬ್ಬನೇ ಮಗ ಓಜೆಲ್ ತಂಡಕ್ಕೆ ಸೇರಿದ. ಹದಿನಾರು ವರ್ಷ, ಐವತ್ತನಾಲ್ಕನೇ ನಂಬರು. ಅವನು ಓಡಿದರೆ ನೆರಳು ಹಿಂದೆ ಬಿದ್ದು, ಏದುಸಿರು ಬಿಡುತ್ತಾ ಮರುದಿನ ಬಂದು ಸೇರಿಕೊಳ್ಳುತ್ತಿತ್ತು.

1971ರ ಆಗಸ್ಟು. ದಿನಕ್ಕೆರಡು ಬಾರಿ ತಾಲೀಮು. ನೀರು ಕುಡಿದವನು ಮೆತ್ತಗಾಗುತ್ತಾನೆ ಎಂಬುದು ಟಾರ್ಪ್ಲಿಯ ನಂಬಿಕೆ. ನಲ್ಲಿಗೆ ಬೀಗ ಹಾಕಿಸಿದ್ದ. ಒಂದು ಮಧ್ಯಾಹ್ನ ಕೊಳೆ ಅಂಗಿಗಳ ಬುಟ್ಟಿ ಬಂದಾಗ ವರ್ನೆಲ್ ಒಂದೊಂದೇ ಅಂಗಿ ಎತ್ತಿ ತೊಟ್ಟಿಗೆ ಹಾಕುತ್ತಿದ್ದಳು. ಎಲ್ಲವೂ ಹಿಂಡಿದರೆ ಧಾರೆಯಾಗಿ ಸುರಿಯುವಷ್ಟು ನೆಂದಿದ್ದವು. ಐವತ್ತನಾಲ್ಕು ಮಾತ್ರ ಒಣಗಿತ್ತು. ಹಪ್ಪಳದಂತೆ ಗರಿಗರಿ, ಬೆನ್ನ ತುಂಬ ಉಪ್ಪಿನ ಬಿಳಿ ಗೆರೆ. ಬೆವರುವುದು ನಿಂತ ಮೇಲೂ ಅವನನ್ನು ಓಡಿಸಿದ್ದರು. ಬಿದ್ದವನ ಮೈಯಿಂದ ಯಾರೋ ಅದನ್ನು ಕಳಚಿ, ರೂಢಿಯಂತೆ ಬುಟ್ಟಿಗೆ ಎಸೆದಿದ್ದರು. ಸುದ್ದಿ ಹೇಳಲು ಜನ ಬರುವ ಮೊದಲೇ ಅವಳು ಮೈದಾನದ ಕಡೆ ಓಡುತ್ತಿದ್ದಳು.

ಡಾಕ್ಟರು, ಸಾವಿಗೆ ಕಾರಣ ಹುಟ್ಟಿನಿಂದಲೇ ದುರ್ಬಲವಾಗಿದ್ದ ಹೃದಯ ಎಂದು ಬರೆದ. ವರ್ನೆಲ್ ಅಂಗಿಯನ್ನು ಶೆರಿಫ್‌ನ ಮೇಜಿನ ಮೇಲಿಟ್ಟಳು.

"ಇದೇನಮ್ಮ?"

"ನೋಡಿ ಸಾರ್. ಒಣಗಿದೆ."

"ಒಣಗಿದ ಅಂಗಿ ಅಪರಾಧ ಅಲ್ಲ ಕಣಮ್ಮ, ಮನೆಗೆ ಹೋಗು."

ಮುಂದಿನ ಸೋಮವಾರ ಅವಳು ಮತ್ತೆ ಶೆಡ್ಡಿಗೆ ಹೋದಳು. ಮಾನವಿಲ್ಲದವಳು ಎಂದು ನಮ್ಮವರೇ ಆಡಿಕೊಂಡರು. ನಾನು ಕೇಳಿಯೇಬಿಟ್ಟೆ.

"ಆ ಜಾಗಕ್ಕೆ ಹೆಂಗೆ ಹೋಗ್ತೀಯಕ್ಕ?"

"ಉಳಿದ ತಾಯಂದಿರಿಗೆ ಅಂಗಿ ಓದೋಕೆ ಬರಲ್ವಲ್ಲೋ" ಎಂದಳು.

ಆಮೇಲೆ ಅರ್ಧ ತಾಲೀಮಿಗೇ ಮೈದಾನಕ್ಕೆ ನುಗ್ಗಿ ಹುಡುಗರ ಬೆನ್ನು ಮುಟ್ಟಿ ನೋಡುವಳು. ಒಣಗಿದ್ದವನ ಕಿವಿ ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೂರಿಸುವಳು. ಅದರ ಬೀಗವನ್ನು ಮೊದಲ ದಿನವೇ ಸುತ್ತಿಗೆಯಿಂದ ಒಡೆದಿದ್ದಳು. ಟಾರ್ಪ್ಲಿ ದೇವರಿಗೂ ಹೆದರದವನು, ಅವಳು ಬಂದರೆ ಸೀಟಿ ನುಂಗುತ್ತಿದ್ದ. ಆದರೂ ನಿವೃತ್ತನಾಗುವವರೆಗೆ ಒಂದೇ ಒಂದು ಸಲ ಓಜೆಲ್ ಎಂಬ ಹೆಸರು ಅವನ ಬಾಯಿಂದ ಬರಲಿಲ್ಲ.

ಮೈದಾನವನ್ನು ಹೊಸದಾಗಿ ಕಟ್ಟಿಸಲು ಹೊರಟ ವರ್ಷ ವರ್ನೆಲ್‌ಗೆ ಎಪ್ಪತ್ತೆರಡು. ಜೀವಮಾನದಲ್ಲಿ ಮೊದಲ ಬಾರಿಗೆ ಶಾಲೆಯ ಸಮಿತಿಯ ಮುಂದೆ ಒಂದು ಮಾತು ಕೇಳಿದಳು: ಗೇಟಿನ ಮೇಲೆ ಮಗನ ಹೆಸರು ಬರಲಿ, ಅವನು ಸತ್ತದ್ದು ಅಲ್ಲೇ. ಅಧ್ಯಕ್ಷ ಹ್ಯೂ ಮೆಕ್ಕಿನಿಸ್ ಬ್ಯಾಂಕಿನ ಯಜಮಾನ, ಹತ್ತಿ ಬೆಳೆದವನ ಮರಿಮಗ. ಅವನ ಮಾತು ಎಷ್ಟು ಸಿಹಿಯೆಂದರೆ ಸಭೆ ಮುಗಿದ ಮೇಲೆ ಮೇಜಿಗೆ ಇರುವೆ ಮುತ್ತುತ್ತಿದ್ದವು. ತಿಂಗಳು ಬಿಟ್ಟು ಕರೆಸಿದ. ನಾನೇ ನನ್ನ ಟ್ರಕ್ಕಿನಲ್ಲಿ ಕರೆದೊಯ್ದೆ.

"ಮಿಸ್ ವರ್ನೆಲ್, ನಿಮ್ಮ ಕೋರಿಕೆಗೆ ಐದಕ್ಕೆ ಐದೂ ಜನ ಒಪ್ಪಿದೀವಿ. ಇವತ್ತಿಂದ ಇದು ನಿಮ್ಮ ಮಗನ ನೆನಪಿನ ಮೆಕ್ಕಿನಿಸ್ ಮೈದಾನ."

"ಈಗ್ಲೂ ಅದೇ ಹೆಸ್ರು ಇರೋದು."

"ಅದೇ ನೋಡಿ ಅನುಕೂಲ! ಒಂದಕ್ಷರಾನೂ ಬದಲಾಯಿಸಬೇಕಾಗಿಲ್ಲ."

"ಓದೋರಿಗೆ ಹೆಂಗೆ ಗೊತ್ತಾಗುತ್ತೆ ಸಾರ್, ನಿಮ್ಮ ಮುತ್ತಾತಾನೋ ನನ್ನ ಮಗಾನೋ ಅಂತ?"

"ಕಾಗದದಲ್ಲಿ ಬರೆದಿದೆಯಲ್ಲ ತಾಯಿ."

ಜನ ಚಪ್ಪಾಳೆ ತಟ್ಟಿದರು. ನಮ್ಮ ಪಾದ್ರಿಯೂ ತಟ್ಟಿದ. "ಸಿಸ್ಟರ್ ವರ್ನೆಲ್, ಬಂದಷ್ಟು ದೇವರು ಕೊಟ್ಟಿದ್ದು ಅನ್ಕೊಳ್ಳಿ" ಎಂದ. "ದೇವರು ಕೊಟ್ಟಿದ್ರೆ ಪೂರ್ತಿ ಹೆಸ್ರು ಕೊಡ್ತಿದ್ದ" ಎಂದು ಅವಳು ಕೋಟು ಹಾಕಿಕೊಂಡಳು.

ಟ್ರಕ್ಕಿನಲ್ಲಿ ಕೂತವಳೇ, ಕಲ್ಲು ಕೆತ್ತುವ ಡೂಲಿಯ ಮನೆಗೆ ಬಿಡು ಎಂದಳು. ಅವಳ ಮಾತು ಕೇಳಿ ಡೂಲಿ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದ.

"ಹೆಸ್ರು ಕೆತ್ಸೋಕೆ ಎಲ್ರೂ ಬರ್ತಾರೆ ಮಿಸ್ ವರ್ನೆಲ್. ಗೋರಿಕಲ್ಲಿನ ಮೇಲಿಂದ ಹೆಸ್ರು ತೆಗಿ ಅಂದೋರು ನೀವೊಬ್ರೇ. ಪಾಪ ಬರುತ್ತೆ."

"ಬರ್ಲಿ, ನನ್ನ ಮನೆ ವಿಳಾಸ ಕೊಡು. ಓಜೆಲ್ ಅನ್ನೋದು ಇರ್ಲಿ, ಇಸವಿ ಇರ್ಲಿ. ಮಿಕ್ಕಿದ್ದು ತೆಗಿ."

ಅವನು ಮರುದಿನ ಸ್ಮಶಾನದಲ್ಲಿ ಇಡೀ ಬೆಳಿಗ್ಗೆ ಉಳಿ ಹೊಡೆದ. ಅವಳು ಬಿಸಿಲಿನಲ್ಲಿ ನಿಂತು, ಅಕ್ಷರಗಳು ಒಂದೊಂದೇ ಪುಡಿಯಾಗಿ ಉದುರುವುದನ್ನು ನೋಡಿದಳು. ಮೆಕ್ಕಿನಿಸ್ ಎಂದಿದ್ದ ಕಡೆ ಅಂಗೈ ಅಗಲದ ಹಳ್ಳ ಉಳಿಯಿತು.

ಮುಂದಿನ ಸಭೆಯಲ್ಲಿ ಅವಳು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಆ ಕಾಗದದಲ್ಲಿ ಓಜೆಲ್ ಮೆಕ್ಕಿನಿಸ್ ಅಂತ ಬರ್ದಿದೀರಿ. ಆ ಹೆಸರಿನೋರು ಯಾರೂ ಸತ್ತಿಲ್ಲ. ಹೋಗಿ ಸಮಾಧಿ ನೋಡ್ಬನ್ನಿ, ಅಲ್ಲಿರೋನು ಬರೀ ಓಜೆಲ್. ನಿಮ್ಮ ಹೆಸ್ರು ನಿಮಗೆ ವಾಪಸ್ ಕೊಟ್ಟಿದೀನಿ. ಗೇಟಿನ ಮೇಲೆ ಓಜೆಲ್ ಅಂತ ಹಾಕ್ಸಿ, ಇಲ್ಲಾ ಆ ಕಾಗದ ಹರೀರಿ."

ಹ್ಯೂನ ಸಿಹಿ ಅಂದು ಖಾಲಿಯಾಗಿತ್ತು. ಗುಮಾಸ್ತೆಯ ಕಡೆ ತಿರುಗಿ ಬರೆದುಕೊ ಎಂದ. ಗುಮಾಸ್ತೆ ಕೇಳಿದಳು, "ನಿಮ್ಮ ಹೆಸರು ಏನಂತ ಬರೀಲಿ ಅಮ್ಮಾ?"

"ವರ್ನೆಲ್."

"ವರ್ನೆಲ್ ಏನು?"

"ಅಷ್ಟೇ."

ಹೆಸರು ಹಾಕಿಸಲು ಒಬ್ಬನೇ ಕೈ ಎತ್ತಿದ. ಕಾಗದ ರದ್ದು ಮಾಡಲು ನಾಲ್ವರು ಎತ್ತಿದರು. ಮೈದಾನ ಮತ್ತೆ ಮುತ್ತಾತನದಾಯಿತು.

ಮೆಟ್ಟಿಲಿಳಿಯುವಾಗ ಅವಳ ಮೊಣಕೈ ಹಿಡಿದುಕೊಂಡೆ. ಹಕ್ಕಿಯ ಮೂಳೆಯಂತಿತ್ತು.

"ಸೋತ್ಯಲ್ಲಕ್ಕ" ಎಂದೆ.

"ಸೋತೆ" ಎಂದಳು. "ಆದ್ರೆ ಅವ್ನನ್ನ ಅಲ್ಲಿಂದ ಕರ್ಕೊಂಡ್ ಬಂದೆ. ಗಾಡಿ ತೆಗಿ, ಕಾಲು ನೋಯ್ತಿದೆ."