ಹಿಮದ ದಾರಿಯಲ್ಲಿ ತಲೆಹೊರೆ

ನಡೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಜಗಳೂರು ಕಡೆಯವಳು ನಾನು. ಶಾಲೆಗೆ, ನೀರಿಗೆ, ಸೌದೆಗೆ, ಸೊಕ್ಕೆಯಲ್ಲಿದ್ದ ಸೋದರಮಾವನ ಮನೆಗೆ, ಎಲ್ಲಕ್ಕೂ ನಡೆದೇ ಬೆಳೆದವಳು. ಎಂಬತ್ತರ ದಶಕದ ಆರಂಭದಲ್ಲಿ ನ್ಯಾಮತಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಶಿಕ್ಷಕಿಯರ ತಂಡವೊಂದು ಹಿಮಾಲಯಕ್ಕೆ ಚಾರಣ ಹೊರಟಿದೆ, ಇಷ್ಟವಿದ್ದವರು ಬರಬಹುದು ಎಂದು ತಿಳಿದಾಗ ಹಿಂದೆಮುಂದೆ ನೋಡದೆ ಹೆಸರು ಕೊಟ್ಟೆ. ಬೆಳಗ್ಗೆ ಎದ್ದು ಸೂರಗೊಂಡನಕೊಪ್ಪದ ದಾರಿಯಲ್ಲಿ ಬಿರಬಿರನೆ ಹೋಗಿ ಬರುವುದೇ ನನ್ನ ತಯಾರಿ. ಹಿಮಾಲಯವೂ ಅಂಥದ್ದೇ ಒಂದು ದಾರಿ, ಸ್ವಲ್ಪ ಏರು ಜಾಸ್ತಿ ಎಂದುಕೊಂಡಿದ್ದೆ.

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಆಗಷ್ಟೇ ರಸ್ತೆ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಜಲ್ಲಿ ತುಂಬಿದ ಬಾಂಡ್ಲಿಯನ್ನು ತಲೆಯ ಮೇಲೆ ಹೊತ್ತು ಸುರಿಯುವುದು ಅವಳ ಕೆಲಸ.

“ಅಲ್ಲೇನು ಕೆಲಸ ಐತೆ?” ಅಂದಳು.

“ಕೆಲಸ ಏನಿಲ್ಲವ್ವ. ಗುಡ್ಡ ಹತ್ತೋದು, ಇಳಿಯೋದು.”

“ಗಂಟು ಯಾರು ಹೊರ್ತಾರೆ?”

“ನಮ್ಮದು ನಾವೇ.”

“ಕೂಲಿ ಎಷ್ಟು ಕೊಡ್ತಾರೆ?”

“ಅವರು ಕೊಡಲ್ಲ. ನಾವೇ ಕೊಟ್ಟು ಹೋಗ್ಬೇಕು.”

ಅವ್ವ ಚೊಂಬು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. “ದುಡ್ಡು ಕೊಟ್ಟು ಗಂಟು ಹೊರಾಕೆ ಹೋಗ್ತಾರೇನು ಯಾರಾದ್ರೂ? ಓದಿದೋರ ಬುದ್ಧಿ!” ಎಂದು ಒಳಗೆ ಹೋದಳು. ನನಗೆ ನಗು ಬಂತು, ಸಿಟ್ಟೂ ಬಂತು. ಕೆಲಸ ಸಿಕ್ಕಿದ ದಿನದಿಂದ ನಾನು ಅವಳಿಗೆ ಕೂಲಿ ಬಿಡು ಎಂದು ಹೇಳುತ್ತಲೇ ಇದ್ದೆ. “ಕೈಕಾಲು ಗಟ್ಟಿ ಅದಾವೆ, ನಿನ್ನ ಮೇಲೆ ಯಾಕೆ ಬೀಳ್ಲಿ” ಎಂದು ಅವಳೂ ಹೇಳುತ್ತಲೇ ಇದ್ದಳು. ಆ ಹಟ ನನಗೂ ಬಂದಿರಬೇಕು. ನನ್ನ ಹೊರೆ ನಾನೇ ಹೊತ್ತು ಆ ಗುಡ್ಡದ ನೆತ್ತಿ ದಾಟುತ್ತೇನೆ, ದಾಟಿ ಬಂದು ಇವಳಿಗೆ ಹೇಳುತ್ತೇನೆ ಎಂದು ಅಂದೇ ನಿಶ್ಚಯಿಸಿಬಿಟ್ಟೆ.

ರೈಲು, ಬಸ್ಸು, ಮತ್ತೆ ಬಸ್ಸು. ಹಿಮಾಲಯದ ಬುಡ ಮುಟ್ಟುವ ಹೊತ್ತಿಗೇ ಅರ್ಧ ಸುಸ್ತಾಗಿತ್ತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಬೆನ್ನುಚೀಲ ಕೊಟ್ಟರು. ಕಂಬಳಿ, ಸ್ವೆಟರು, ತಟ್ಟೆ, ಲೋಟ ಎಲ್ಲ ಅದರಲ್ಲೇ. ನಾನು ಅವುಗಳ ಜೊತೆಗೆ ಅವ್ವ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನೂ ತುರುಕಿದೆ. ನಮ್ಮ ಕಡೆಯವರೆಂದರೆ ನಾನು ಮತ್ತು ಬಸವಾಪಟ್ಟಣದ ಒಬ್ಬ ಶಿಕ್ಷಕಿ, ಇಬ್ಬರೇ. ಅವರದು ಅಡಿಕೆ ವ್ಯಾಪಾರದ ಮನೆತನ. ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬಿಡುವಿಲ್ಲ. ಎರಡನೆಯ ದಿನವೇ ತಮ್ಮ ಚೀಲವನ್ನು ತಂಡದ ಜೊತೆ ಬರುತ್ತಿದ್ದ ಹಮಾಲಿಗೆ ಒಪ್ಪಿಸಿ ಕೈಬೀಸಿಕೊಂಡು ನಡೆಯತೊಡಗಿದರು.

“ನೀವೂ ಕೊಡ್ರಿ ಅಕ್ಕೋರೇ, ಅದಕ್ಕೇ ಇದಾರೆ ಅವರು” ಅಂದರು.

“ನಂದೇನು ಭಾರ ಇಲ್ಲ ಬಿಡ್ರಿ” ಅಂದೆ. ಭಾರ ಇತ್ತು. ಚೀಲದ ಪಟ್ಟಿಗಳು ಎರಡೂ ಭುಜ ಕೆತ್ತಿ ಹಾಕಿದ್ದವು. ರವಿಕೆ ತಾಗಿದರೂ ಉರಿ.

ಮೂರನೆಯ ದಿನ ನನಗೆ ಒಂದು ಉಪಾಯ ಹೊಳೆಯಿತು. ಟವೆಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಚೀಲ ಇಟ್ಟುಕೊಂಡು ಹೊರಟೆ. ಕೊಡ ಹೊತ್ತ ತಲೆ, ಸೌದೆ ಹೊತ್ತ ತಲೆ, ರಜೆಯಲ್ಲಿ ಅವ್ವನ ಜೊತೆ ಬಾಂಡ್ಲಿ ಹೊತ್ತ ತಲೆ. ಎಷ್ಟು ಹಾಯಾಯಿತೆಂದರೆ ಒಂದು ಗಂಟೆ ನಾನೇ ಎಲ್ಲರಿಗಿಂತ ಮುಂದೆ. ಬೇರೆ ರಾಜ್ಯದ ಶಿಕ್ಷಕಿಯರು ನಿಂತು ನೋಡಿದರು, ಇಬ್ಬರು ಫೋಟೋ ತೆಗೆದರು. ಬಸವಾಪಟ್ಟಣದವರು ನಾಚಿಕೆಯಿಂದ ನನ್ನಿಂದ ದೂರವೇ ನಡೆದರು. ನಗುವವರು ನಗಲಿ, ಭುಜ ನನ್ನದು ಎಂದುಕೊಂಡೆ.

ಆದರೆ ಮೇಲೇರಿದಂತೆ ಆ ಗಾಳಿಯಲ್ಲಿ ಉಸಿರೇ ಇಲ್ಲದಾಯಿತು. ಹತ್ತು ಹೆಜ್ಜೆ ಇಟ್ಟರೆ ನಿಲ್ಲಬೇಕು, ನಿಂತರೆ ಕೂರಬೇಕು, ಕೂತರೆ ಏಳಲು ಮನಸ್ಸಿಲ್ಲ. ತಲೆ ಸಿಡಿಯುತ್ತಿತ್ತು. ರೊಟ್ಟಿ ಬಾಯಿಗೆ ಹಾಕಿದರೆ ಗಂಟಲಲ್ಲಿ ಇಳಿಯದು. ಸುತ್ತ ಬೆಳ್ಳಗೆ ಹೊಳೆಯುವ ಶಿಖರಗಳಿದ್ದವಂತೆ. ಆಮೇಲೆ ಫೋಟೋದಲ್ಲಿ ನೋಡಿದೆ. ನನಗೆ ಕಂಡದ್ದು ಮುಂದಿನವರ ಬೂಟಿನ ಹಿಮ್ಮಡಿ ಮಾತ್ರ. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನನ್ನ ಮೇಲೆ ನನಗೇ ಬೇಜಾರಾಯಿತು.

ಕೊನೆಯ ಬಿಡಾರದಲ್ಲಿ ತಂಡದ ನಾಯಕ ನನ್ನ ಹತ್ತಿರ ಬಂದ. ಸೇನೆಯಿಂದ ನಿವೃತ್ತನಾದವನು, ಮಾತು ಚುಟುಕು. ನಾಳೆ ನೆತ್ತಿಯವರೆಗೂ ಹಿಮದ ಏರು, ಗಾಳಿ ಜೋರು, ತಲೆಯ ಮೇಲೆ ಹೊರಲು ಬಿಡುವುದಿಲ್ಲ ಎಂದ. ಬೆನ್ನಿಗೆ ಹಾಕಿಕೊಳ್ಳಿ, ಇಲ್ಲವೇ ಹಮಾಲಿಗೆ ಕೊಡಿ, ಎರಡೂ ಆಗದಿದ್ದರೆ ಕೆಳಗಿಳಿದು ಹೋಗಿ. ಪರೀಕ್ಷೆಗೆಂದು ಕಲಿತ ಹಿಂದಿಯಲ್ಲಿ “ಬೆನ್ನಿಗೇ ಹಾಕುತ್ತೇನೆ” ಎಂದೆ. ನಮ್ಮ ಹಮಾಲಿಗೆ ಅವ್ವನಷ್ಟೇ ವಯಸ್ಸು. ಅವ್ವ ಜನ್ಮವಿಡೀ ಇನ್ನೊಬ್ಬರ ಭಾರ ಹೊತ್ತಿದ್ದಾಳೆ. ನಾನು ಅಂಥವನ ಬೆನ್ನ ಮೇಲೆ ನನ್ನ ಕಂಬಳಿ, ರೊಟ್ಟಿ ಹೊರಿಸಿ ನೆತ್ತಿ ದಾಟಿದರೆ ಅದೆಂಥ ದಾಟುವುದು? ಹಾಗೆ ಅನ್ನಿಸುತ್ತಿತ್ತು. ಇವತ್ತಿಗೂ ಅದು ತಪ್ಪು ಯೋಚನೆ ಎಂದು ನಾನು ಹೇಳಲಾರೆ.

ಬೆಳಕು ಹರಿಯುತ್ತಲೇ ಹೊರಟೆವು. ಎಲ್ಲರೂ ಮುಂದಾದರು. ಬಸವಾಪಟ್ಟಣದವರು ಕೂಡ “ಬರ್ರಿ, ಬರ್ರಿ” ಎನ್ನುತ್ತ ಏರಿಯೇ ಹೋದರು. ಅರ್ಧ ಏರಿನಲ್ಲಿ ಹಿಮದ ಮೇಲೆ ಕೂತೆ. ಮೇಲೆ ಜನ ಸಣ್ಣಗೆ ಕಾಣುತ್ತಿದ್ದರು. ಏಳಬೇಕು ಎಂದುಕೊಳ್ಳುತ್ತಿದ್ದೆ, ಏಳುತ್ತಿರಲಿಲ್ಲ.

ತನ್ನ ಹೊರೆಯನ್ನು ಮೇಲೆ ಇಳಿಸಿ ಹಮಾಲಿ ವಾಪಸ್ ಬಂದ. ನನ್ನ ಪಕ್ಕ ಕೂತು ಬೀಡಿ ಹಚ್ಚಿದ. ಚೀಲ ಕೊಡು ಎನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಆಗುತ್ತಾ ಮಗಳೇ?” ಎಂದಷ್ಟೇ ತನ್ನ ಭಾಷೆ ಬೆರೆತ ಹಿಂದಿಯಲ್ಲಿ ಕೇಳಿದ.

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಮೈ ಸುಡುವ ಜ್ವರದಲ್ಲೂ ಅವ್ವ ತಲೆಗೆ ಬಟ್ಟೆ ಬಿಗಿದು ಕೆಲಸಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ. ಒಂದು ದಿನ ಆಗಲ್ಲ ಎಂದರೆ ಮಾರನೆಯ ದಿನ ಆ ಜಾಗದಲ್ಲಿ ಬೇರೊಬ್ಬಳು ಇರುತ್ತಿದ್ದಳು. ಆ ಮಾತು ನನ್ನ ಬಾಯಿಗೂ ರೂಢಿ ಇರಲಿಲ್ಲ. ಅವನ ಮುಖ ನೋಡದೆ, “ಇಲ್ಲ, ನನ್ನಿಂದ ಆಗುವುದಿಲ್ಲ” ಎಂದೆ. ಹೇಳಿದ್ದೇ ತಡ, ಅಳು ಕಿತ್ತುಕೊಂಡು ಬಂತು. ಅವನು ಬೀಡಿ ಮುಗಿಸಿ, ಚೀಲ ಎತ್ತಿಕೊಂಡು, ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಧಾನ ನಡೆದ.

ನೆತ್ತಿ ಮುಟ್ಟಿದೆ. ಎಲ್ಲರೂ ಕೂಗಿದರು, ಕೈ ಕುಲುಕಿದರು. ನನಗೆ ಸಂತೋಷವಾಗಲಿಲ್ಲ, ಅವಮಾನವೂ ಆಗಲಿಲ್ಲ. ದಣಿವು ಮಾತ್ರ ಇತ್ತು, ಮಲಗಿದರೆ ಸಾಕಾಗಿತ್ತು. ಹಮಾಲಿಗೆ ಎರಡು ರೊಟ್ಟಿ ಕೊಟ್ಟೆ. ಕಟಕಟ ಕಡಿದು, ಇದು ಹಪ್ಪಳವೋ ಊಟವೋ ಎಂದು ಕೇಳಿ ನಕ್ಕ.

ಊರಿಗೆ ಬಂದ ದಿನ ಅವ್ವ ನನ್ನ ಪಾದಕ್ಕೆ ಬಿಸಿ ಎಣ್ಣೆ ತಿಕ್ಕಲು ಕೂತಳು. ಉಗುರು ಕಪ್ಪಾಗಿದ್ದವು, ಭುಜದ ಮೇಲೆ ಹೊಪ್ಪಳೆ.

“ಹತ್ತಿದೇನು?” ಅಂದಳು.

“ಹತ್ತಿದೆ. ಆದ್ರೆ ಗಂಟು ನಾನು ಹೊರಲಿಲ್ಲವ್ವ. ಅರ್ಧಕ್ಕೆ ಆಗಲ್ಲ ಅಂದೆ, ಬ್ಯಾರೆಯವರು ಹೊತ್ರು.”

ಈಗ ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡೆ. ಅವಳು ಎರಡನ್ನೂ ಮಾಡಲಿಲ್ಲ. ತಿಕ್ಕುತ್ತಿದ್ದ ಕೈ ನಿಂತಿತು.

“ಆಗಲ್ಲ ಅಂದ್ಯಾ? ಬಾಯಿಬಿಟ್ಟು?”

“ಹೂಂ.”

“ಹಂಗಂದ್ರೂ ಏನೂ ಅನ್ನಲಿಲ್ವಾ ಅವರು?”

“ಏನೂ ಅನ್ನಲಿಲ್ಲ.”

ನನ್ನ ಪಾದ ಅವಳ ತೊಡೆಯ ಮೇಲೇ ಇತ್ತು. ಆಮೇಲೆ ತಲೆ ತಗ್ಗಿಸಿ, ಪಕ್ಕದ ಮನೆಗೆ ಕೇಳಿಸೀತು ಎಂಬಂತೆ ಮೆಲ್ಲಗೆ ಅಂದಳು: “ನಂಗೂ ಆಗಲ್ಲ ಮಗಳೇ. ಮೂರು ವರ್ಷಾತು, ಕತ್ತು ತಿರುಗಲ್ಲ.”

ಮಾರನೆಯ ಬೆಳಗ್ಗೆ ರಸ್ತೆ ಕೆಲಸದ ಮೇಸ್ತ್ರಿ ಎಂದಿನಂತೆ ಬೀದಿಯಲ್ಲಿ ನಿಂತು ಕೂಗಿದ. ಅವ್ವ ಎಚ್ಚರವಾಗಿದ್ದಳು, ಆದರೆ ಚಾಪೆ ಬಿಟ್ಟು ಏಳಲಿಲ್ಲ. ನನ್ನ ಕಡೆ ನೋಡಿದಳು. ನಾನು ಕುಂಟುತ್ತ ಬಾಗಿಲಿಗೆ ಹೋಗಿ, ಅವ್ವ ಇನ್ನು ಬರೋದಿಲ್ಲ ಎಂದು ಹೇಳಿದೆ.